ಪುಟ್ಟ ವಿಮಾನದ ಇಂಜಿನ್ನಿನಲ್ಲಿ ಆಯಿಲ್ ಲೀಕ್: ಸುರಕ್ಷಿತವಾಗಿ ತೊಳೆದು ಮೂಲ ಹಿಡಿಯುವ ಸಮಗ್ರ ಮಾರ್ಗದರ್ಶಿ

ಕೌಲಿಂಗ್, ಅಂದರೆ ಇಂಜಿನ್ನಿನ ಹೊರಗಿನ ಮುಚ್ಚಿಗೆ, ಬಿಚ್ಚಿದರೆ ಇಂಜಿನ್ನಿನ ತಳವೆಲ್ಲ ಕಪ್ಪು ಜಿಡ್ಡು. ಸಾಲ್ವೆಂಟ್ ಹೊಡೆದು ತೊಳೆಯುತ್ತಾರೆ, ಇಂಜಿನ್ ಪಳಪಳ ಹೊಳೆಯುತ್ತದೆ. ಒಂದು ವಾರ ಹಾರಿಸಿ ಮತ್ತೆ ಬಿಚ್ಚಿದರೆ ಅದೇ ಜಿಡ್ಡು. ಆಮೇಲೆ ಅಂದಾಜಿನ ಮೇಲೆ ರಾಕರ್ ಕವರ್ (ಸಿಲಿಂಡರ್ ತಲೆಯ ಮೇಲಿನ ಮುಚ್ಚಳ) ಗ್ಯಾಸ್ಕೆಟ್ ಬದಲಾಯಿಸುತ್ತಾರೆ. ಲೀಕ್ ನಿಲ್ಲುವುದಿಲ್ಲ. ಮುಂದಿನ ಸಲ ಇನ್ನೊಂದು ಗ್ಯಾಸ್ಕೆಟ್.

ತೊಳೆಯುವುದು ಎಲ್ಲರಿಗೂ ಬರುತ್ತದೆ. ತೊಳೆಯುವ ಮುಂಚೆ ಗಮನವಿಟ್ಟು ನೋಡುವುದು, ತೊಳೆದ ಮೇಲೆ ಬೇಗ ಇಂಜಿನ್ ನಿಲ್ಲಿಸಿ ನೋಡುವುದು, ಈ ಎರಡನ್ನೇ ಬಿಟ್ಟುಬಿಡುತ್ತಾರೆ. ಹೊಸ ಎಣ್ಣೆಯ ಮೊದಲ ಹನಿ ಎಲ್ಲಿ ಬಂತು ಅನ್ನುವುದು ಕೆಲವೇ ನಿಮಿಷ ಕಾಣುತ್ತದೆ. ಆ ನಿಮಿಷಗಳಿಗಾಗಿಯೇ ಇಷ್ಟೆಲ್ಲ ತಯಾರಿ.

ಇಲ್ಲಿ ಹೇಳುತ್ತಿರುವುದು ಸೆಸ್ನಾ 172ರಲ್ಲಿರುವ ನಾಲ್ಕು ಸಿಲಿಂಡರಿನ, ಗಾಳಿಯಿಂದ ತಣಿಯುವ ಲೈಕಮಿಂಗ್ ಇಂಜಿನ್ ಬಗ್ಗೆ. ಹಳೆಯ 172ಗಳಲ್ಲಿ ಹೆಚ್ಚಾಗಿ ಓ-320, ಹೊಸದರಲ್ಲಿ ಐಓ-360. ಜಕ್ಕೂರಿನಂಥ ತರಬೇತಿ ತಾಣಗಳಲ್ಲಿ ಕಾಣಸಿಗುವ ಜಾತಿ ಇದೇ. ಬೇರೆ ಇಂಜಿನ್ ಆದರೆ ಕ್ರಮ ಇದೇ ಇರುತ್ತದೆ, ಜಾಗಗಳು ಬದಲಾಗುತ್ತವೆ.

## ಈ ಕೆಲಸ ಯಾರು ಮಾಡಬೇಕು

ಭಾರತದಲ್ಲಿ ಇದು ಲೈಸೆನ್ಸ್ ಇರುವ ಏರ್‌ಕ್ರಾಫ್ಟ್ ಮೆಂಟೆನೆನ್ಸ್ ಇಂಜಿನಿಯರ್, ಅಂದರೆ ಎಎಂಇ, ಕಣ್ಣೆದುರಿಗೆ ಆಗಬೇಕಾದ ಕೆಲಸ. ನೀವು ಟ್ರೈನಿ ಆಗಿರಬಹುದು, ವಿಮಾನದ ಮಾಲೀಕರೇ ಆಗಿರಬಹುದು. ಕೈಜೋಡಿಸಿ, ಕಲಿಯಿರಿ. ಆದರೆ ವಿಮಾನ ಹಾರಾಟಕ್ಕೆ ಸರಿಯಿದೆ ಎಂದು ಸಹಿ ಹಾಕುವುದು ಅವರು. ಅಮೆರಿಕದಲ್ಲಿ ಸ್ವಂತ ವಿಮಾನ ಇಟ್ಟುಕೊಂಡಿರುವ ಕನ್ನಡಿಗರಿಗೆ ಅಲ್ಲಿನ ನಿಯಮ ಸಣ್ಣಪುಟ್ಟ ನಿರ್ವಹಣೆಗೆ ಅವಕಾಶ ಕೊಡುತ್ತದೆ. ಅಲ್ಲೂ ಸಿಲಿಂಡರ್, ಸೀಲ್ ಬಿಚ್ಚುವ ಕೆಲಸ ಮೆಕ್ಯಾನಿಕ್‌ದೇ.

ಎಲ್ಲಾದರೂ ನನ್ನ ಮಾತಿಗೂ ನಿಮ್ಮ ವಿಮಾನದ ಸರ್ವಿಸ್ ಮ್ಯಾನುಯಲ್‌ಗೂ ವ್ಯತ್ಯಾಸ ಕಂಡರೆ ಮ್ಯಾನುಯಲ್ ಹೇಳಿದ್ದೇ ಸರಿ.

## ಬೇಕಾಗುವ ಸಾಮಾನು

- ಒಳ್ಳೆಯ ಟಾರ್ಚ್, ಉದ್ದ ಹಿಡಿಯ ಸಣ್ಣ ಕನ್ನಡಿ, ಫೋಟೊ ತೆಗೆಯಲು ಫೋನ್
- ಮ್ಯಾನುಯಲ್ ಒಪ್ಪುವ ಸಾಲ್ವೆಂಟ್, ಕಡಿಮೆ ಒತ್ತಡದ ಸ್ಪ್ರೇ ಗನ್ ಅಥವಾ ಕೈಪಂಪ್ ಸ್ಪ್ರೇಯರ್
- ಮೆದು ಕೂದಲಿನ ಬ್ರಷ್‌ಗಳು. ತಂತಿ ಬ್ರಷ್ ಬೇಡವೇ ಬೇಡ
- ದಪ್ಪ ಪ್ಲಾಸ್ಟಿಕ್ ಚೀಲ, ಎದ್ದು ಕಾಣುವ ಬಣ್ಣದ ಟೇಪ್, ಕೆಂಪು ರಿಬ್ಬನ್
- ಅಗಲವಾದ ಟ್ರೇ, ನೂಲು ಬಿಡದ ಬಟ್ಟೆ
- ನೈಟ್ರೈಲ್ ಗ್ಲೌಸ್, ಕಣ್ಣಿಗೆ ಗಾಗಲ್ಸ್, ಸಾಲ್ವೆಂಟ್ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್. ಬಟ್ಟೆ ಮಾಸ್ಕ್ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ
- ಕೈಗೆ ಸಿಗುವಂತೆ ಡ್ರೈ ಪೌಡರ್ ಅಥವಾ ಕಾರ್ಬನ್ ಡೈ ಆಕ್ಸೈಡ್ ಬೆಂಕಿ ಆರಿಸುವ ಸಿಲಿಂಡರ್
- ಬಿರುಕು ಪರೀಕ್ಷೆಯ ಡೈ ಪೆನೆಟ್ರಂಟ್ ಕಿಟ್‌ನಲ್ಲಿ ಬರುವ ಬಿಳಿ ಡೆವಲಪರ್ ಸ್ಪ್ರೇ, ಇಲ್ಲದಿದ್ದರೆ ಟಾಲ್ಕಂ ಪೌಡರ್

ಪ್ರೆಶರ್ ವಾಷರ್ ಈ ಪಟ್ಟಿಯಲ್ಲಿ ಇಲ್ಲ. ಮರೆತು ಬಿಟ್ಟದ್ದಲ್ಲ. ಅದರ ನೀರು ಸೀಲ್ ದಾಟಿ ಒಳಗೆ ನುಗ್ಗುತ್ತದೆ, ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಒಳಗೆ ಸೇರುತ್ತದೆ, ವೈರಿಂಗ್ ಕನೆಕ್ಟರ್‌ಗಳಲ್ಲಿ ನಿಲ್ಲುತ್ತದೆ. ಕಾರು ತೊಳೆಯುವ ಕಡೆಯಿಂದ ಅದನ್ನು ತಂದು ಹ್ಯಾಂಗರ್‌ಗೆ ಬಿಡಬೇಡಿ.

## ಹಂತ 1: ಇದು ನಿಜಕ್ಕೂ ಲೀಕೇನಾ, ಮೊದಲು ನೋಡಿ

ಅರ್ಧ ದೂರುಗಳು ಈ ಹಂತದಲ್ಲೇ ಮುಗಿಯುತ್ತವೆ. ವಿಮಾನದ ಹೊಟ್ಟೆಯ ಕೆಳಗೆ ಉದ್ದಕ್ಕೆ ಎಣ್ಣೆಯ ಪಟ್ಟೆ ಇದೆ ಅಂದುಕೊಳ್ಳಿ. ಅದು ಬ್ರೀದರ್ ಪೈಪಿನ (ಇಂಜಿನ್ ಒಳಗಿನ ಒತ್ತಡ ಹೊರಗೆ ಬಿಡುವ ಕೊಳವೆ) ಬಾಯಿಯಿಂದಲೇ ಶುರುವಾಗಿದ್ದರೆ ಲೀಕ್ ಹುಡುಕುವ ಮುಂಚೆ ಡಿಪ್‌ಸ್ಟಿಕ್ ನೋಡಿ. ಈ ಇಂಜಿನ್‌ಗಳ ಸಂಪ್ (ತಳದ ಎಣ್ಣೆ ತೊಟ್ಟಿ) 8 ಕ್ವಾರ್ಟ್ ಹಿಡಿಯುತ್ತದೆ, ಅಂದರೆ ಸುಮಾರು ಏಳೂವರೆ ಲೀಟರ್. ಕಂಠಪೂರ್ತಿ ತುಂಬಿಸಿದರೆ ಮೇಲಿನದನ್ನು ಇಂಜಿನ್ ಬ್ರೀದರ್ ಮೂಲಕ ಹೊರಗೆ ಉಗುಳುತ್ತದೆ. ನಿಮ್ಮ ಹ್ಯಾಂಡ್‌ಬುಕ್ ಹೇಳುವ ಕನಿಷ್ಠಕ್ಕಿಂತ ಕೆಳಗಿಳಿಯದಂತೆ, 6ರಿಂದ 7ರ ನಡುವೆ ಇಟ್ಟು ಕೆಲವು ಗಂಟೆ ಹಾರಿಸಿ. ಪಟ್ಟೆ ನಿಂತರೆ ಸಮಸ್ಯೆ ಇದ್ದದ್ದು ಎಣ್ಣೆ ಸುರಿಯುವವರ ಧಾರಾಳತನದಲ್ಲಿ.

ಎಣ್ಣೆ ಎಷ್ಟು ಖರ್ಚಾಗುತ್ತಿದೆ ಅನ್ನುವುದನ್ನೂ ಬರೆದಿಡಿ. ಲೈಕಮಿಂಗ್ ಕೊಡುವ ಗರಿಷ್ಠ ಮಿತಿಯ ಲೆಕ್ಕ ಹೀಗಿದೆ: 0.006 ಗುಣಿಸು ಅಶ್ವಶಕ್ತಿ ಗುಣಿಸು 4, ಅದನ್ನು 7.4ರಿಂದ ಭಾಗಿಸಿ. 160 ಅಶ್ವಶಕ್ತಿಯ ಇಂಜಿನ್‌ಗೆ ಗಂಟೆಗೆ 0.52 ಕ್ವಾರ್ಟ್, ಹೆಚ್ಚುಕಡಿಮೆ ಅರ್ಧ ಲೀಟರ್. ಆ ಮಿತಿಯ ಹತ್ತಿರ ಬಂದಿದ್ದರೆ ಎಣ್ಣೆ ಹೊರಗೆ ಸೋರುತ್ತಿರಬೇಕು ಅಂತೇನಿಲ್ಲ, ಸಿಲಿಂಡರ್ ಒಳಗೆ ಸುಡುತ್ತಿರಬಹುದು. ಆಗ ಎಷ್ಟು ತೊಳೆದರೂ ಉತ್ತರ ಸಿಗುವುದಿಲ್ಲ.

ಇನ್ನೂ ಎರಡು ಸುಳ್ಳು ಸುಳಿವುಗಳಿವೆ. ಫನೆಲ್ ಇಲ್ಲದೆ ಎಣ್ಣೆ ಸುರಿದಾಗ ಫಿಲ್ಲರ್ ಪಕ್ಕ ಚೆಲ್ಲಿದ್ದು ಒಂದು. ಫಿಲ್ಟರ್ ಬದಲಾಯಿಸುವಾಗ ಇಂಜಿನ್ ಹಿಂಭಾಗಕ್ಕೆ ಸುರಿದಿದ್ದು ಇನ್ನೊಂದು. ಕೊನೆಯ ಆಯಿಲ್ ಚೇಂಜ್ ಯಾವಾಗ ಆಯಿತು ಎಂದು ಲಾಗ್‌ಬುಕ್ ನೋಡಿದರೆ ಗೊತ್ತಾಗುತ್ತದೆ.

## ಹಂತ 2: ತೊಳೆಯುವ ಮುಂಚೆ ಸಾಕ್ಷಿ ಉಳಿಸಿಕೊಳ್ಳಿ

ಸಾಲ್ವೆಂಟ್ ಬಿದ್ದ ಕ್ಷಣ ಕಲೆಗಳೆಲ್ಲ ಹೋಗುತ್ತವೆ. ಆ ಕಲೆಗಳು ಎಣ್ಣೆಯ ವಿಷಯ ಮಾತ್ರ ಹೇಳುತ್ತಿರುವುದಿಲ್ಲ. ಅದಕ್ಕೇ ಪೂರ್ತಿ ಇಂಜಿನ್ನಿನ ಫೋಟೊ ತೆಗೆಯಿರಿ: ಮುಂದೆ, ಹಿಂದೆ, ಎರಡೂ ಪಕ್ಕ, ಕೆಳಗಿನಿಂದ. ಆಮೇಲೆ ಒಂದೊಂದು ಕಲೆಯ ಹತ್ತಿರ ಹೋಗಿ ತೆಗೆಯಿರಿ.

ಏನೇನು ನೋಡಬೇಕು? ನೀಲಿ ಕಲೆ ಕಂಡರೆ ಅದು ಎಣ್ಣೆಯಲ್ಲ, ಇಂಧನ. 100ಎಲ್ಎಲ್ ಏವಿಯೇಷನ್ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ, ಪೆಟ್ರೋಲ್ ಆರಿದ ಮೇಲೂ ಆ ಬಣ್ಣ ಉಳಿಯುತ್ತದೆ. ಕೆಂಪು ದ್ರವ ಆದರೆ ಬ್ರೇಕಿನ ಹೈಡ್ರಾಲಿಕ್. ಎಕ್ಸಾಸ್ಟ್ ಫ್ಲಾಂಜ್ ಸುತ್ತ ಬೂದು ಅಥವಾ ಬಿಳಿ ಪುಡಿಯಂಥ ಗುರುತು ಇದ್ದರೆ ಬಿಸಿ ಹೊಗೆ ಸೋರುತ್ತಿದೆ. ಸಿಲಿಂಡರ್ ಹೆಡ್ಡಿನ ರೆಕ್ಕೆಗಳ (ತಣಿಸುವ ತೆಳು ಲೋಹದ ಫಿನ್‌ಗಳು) ನಡುವೆ, ಹೆಡ್ ಮತ್ತು ಬ್ಯಾರೆಲ್ ಸೇರುವ ಕಡೆ, ಮಸಿ ಬೆರೆತ ಎಣ್ಣೆ ಇದ್ದರೆ ಅಲ್ಲಿಗೆ ನಿಲ್ಲಿಸಿ ಎಎಂಇಯನ್ನು ಕರೆಯಿರಿ. ಅದು ಗ್ಯಾಸ್ಕೆಟ್ ವಿಷಯ ಆಗಿರಲಿಕ್ಕಿಲ್ಲ, ಸಿಲಿಂಡರ್ ಬಿರುಕಿರಬಹುದು. ಇಂಜಿನ್ ಮೌಂಟಿನ ಕೊಳವೆಗಳ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೂ ಹಾಗೇ.

ಬೆರಳ ತುದಿಯಿಂದ ಜಿಡ್ಡು ಮುಟ್ಟಿ ನೋಡಿ, ಗ್ಲೌಸ್ ಹಾಕಿಕೊಂಡೇ. ಹಳೆಯ ಎಣ್ಣೆ ಧೂಳು ಹಿಡಿದು ಮುದ್ದೆಯಾಗಿ ಉಗುರಿಗೆ ಕೆರೆದು ಬರುತ್ತದೆ. ಹೊಸದು ತೆಳ್ಳಗೆ ಜಾರುತ್ತದೆ. ಒಣಗಿದ ಮುದ್ದೆಯ ನಡುವೆ ಒಂದು ಕಡೆ ಮಾತ್ರ ತೇವದ ದಾರಿ ಇದ್ದರೆ ಅದರ ಫೋಟೊ ಎರಡು ಹೆಚ್ಚೇ ಇರಲಿ.

## ಹಂತ 3: ಇಂಜಿನ್ ತಣ್ಣಗಿರಲಿ, ಪ್ರೊಪೆಲ್ಲರ್ ಮೇಲೆ ನಂಬಿಕೆ ಬೇಡ

ಹಾರಾಟ ಮುಗಿಸಿ ಬಂದ ಇಂಜಿನ್ ಮುಟ್ಟುವಷ್ಟು ತಣಿಯಲು ಗಂಟೆಗಳು ಬೇಕು. ಎಕ್ಸಾಸ್ಟ್ ಪೈಪಿಗೆ ಹಿಂಗೈ ಹತ್ತಿರ ತಂದರೆ ಶಾಖವೇ ತಿಳಿಯಬಾರದು. ಬೆಚ್ಚಗಿರುವಾಗ ಕೊಳೆ ಬೇಗ ಬಿಡುತ್ತದೆ ಅನ್ನುವ ಮಾತು ಕೇಳಿರುತ್ತೀರಿ. ಸಾಲ್ವೆಂಟ್ ಆವಿ ಅಷ್ಟೇ ಬೇಗ ಏಳುತ್ತದೆ, ಆದ್ದರಿಂದ ಆ ಆಸೆ ಬೇಡ.

ಕ್ರಮ ಹೀಗಿರಲಿ: ಮಿಕ್ಸ್ಚರ್ (ಇಂಧನ ನಿಯಂತ್ರಿಸುವ ಹಿಡಿ) ಪೂರ್ತಿ ಹಿಂದೆ, ಮ್ಯಾಗ್ನೆಟೊ ಸ್ವಿಚ್ ಆಫ್, ಕೀಲಿ ತೆಗೆದು ನಿಮ್ಮ ಜೇಬಿಗೆ, ಫ್ಯುಯೆಲ್ ವಾಲ್ವ್ ಮುಚ್ಚಿ, ಚಕ್ರಕ್ಕೆ ಅಡ್ಡಗಟ್ಟೆ, ಆಮೇಲೆ ಬ್ಯಾಟರಿ ಕನೆಕ್ಷನ್ ಬಿಡಿಸಿ. ವಿಮಾನಕ್ಕೆ ಅರ್ಥಿಂಗ್ ವೈರ್ ಹಾಕಿ.

ಇಷ್ಟೆಲ್ಲ ಮಾಡಿದರೂ ಪ್ರೊಪೆಲ್ಲರ್ ಜೀವಂತ ಅಂತಲೇ ತಿಳಿಯಿರಿ. ಮ್ಯಾಗ್ನೆಟೊಗೆ ಬ್ಯಾಟರಿ ಬೇಕಿಲ್ಲ. ಸ್ವಿಚ್ಚಿನಿಂದ ಅದಕ್ಕೆ ಹೋಗುವ ಪಿ-ಲೀಡ್ ತಂತಿ ತುಂಡಾಗಿದ್ದರೆ ಆಫ್ ಇಟ್ಟರೂ ಅದು ಕಿಡಿ ಕೊಡುತ್ತದೆ. ಮ್ಯಾಗ್ನೆಟೊದಲ್ಲಿರುವ ಇಂಪಲ್ಸ್ ಕಪ್ಲಿಂಗ್ ಕೈಯಿಂದ ನಿಧಾನವಾಗಿ ತಿರುಗಿಸಿದರೂ ಕಿಡಿ ಹಾರಿಸಲೆಂದೇ ಇರುವುದು. ಬ್ರಷ್ ಹೋಗುತ್ತಿಲ್ಲ, ಪ್ರೊಪೆಲ್ಲರ್ ಸ್ವಲ್ಪ ತಿರುಗಿಸೋಣ ಅಂತ ಸುಮ್ನೆ ಕೈ ಹಾಕುವ ಅಭ್ಯಾಸ ಇದ್ದವರು ಇವತ್ತೇ ಬಿಡಿ.

ಕೆಲಸ ಹೊರಗೆ ನೆರಳಿನಲ್ಲಿ ಆದರೆ ಒಳ್ಳೆಯದು. ಹ್ಯಾಂಗರ್ ಒಳಗೇ ಆಗಬೇಕೆಂದರೆ ಬಾಗಿಲು ಪೂರ್ತಿ ತೆರೆದಿರಲಿ. ಹತ್ತಿರ ವೆಲ್ಡಿಂಗ್, ಗ್ರೈಂಡಿಂಗ್, ಬೀಡಿ-ಸಿಗರೇಟು, ಚಾರ್ಜ್ ಆಗುತ್ತಿರುವ ಬ್ಯಾಟರಿ ಯಾವುದೂ ಇರಬಾರದು.

## ಹಂತ 4: ಮುಚ್ಚಬೇಕಾದದ್ದನ್ನು ಮುಚ್ಚಿ, ಎಷ್ಟು ಮುಚ್ಚಿದಿರಿ ಬರೆದಿಡಿ

ಹೆಚ್ಚು ಸಮಯ ಇಲ್ಲೇ ಹೋಗಬೇಕು. ತೊಳೆಯುವುದಕ್ಕೆ ಅರ್ಧ ಗಂಟೆ ಹಿಡಿದರೆ ಮುಚ್ಚುವುದಕ್ಕೆ ಒಂದು ಗಂಟೆ ಹಿಡಿಯಲಿ.

ಎರಡೂ ಮ್ಯಾಗ್ನೆಟೊಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಟೇಪ್ ಹಾಕಿ. ಅವುಗಳ ಮೈಯಲ್ಲಿ ಗಾಳಿಯಾಡಲು ಸಣ್ಣ ತೂತುಗಳಿರುತ್ತವೆ, ಸಾಲ್ವೆಂಟ್ ಅಲ್ಲಿಂದ ಒಳಗಿಳಿಯುತ್ತದೆ. ಆಲ್ಟರ್ನೇಟರ್, ಸ್ಟಾರ್ಟರ್ ಮೋಟರ್, ಇಗ್ನಿಷನ್ ಹಾರ್ನೆಸ್ ತುದಿಗಳು ಆಮೇಲೆ. ಕಾಕ್‌ಪಿಟ್‌ನ ಕೆಲವು ಉಪಕರಣಗಳನ್ನು ನಡೆಸುವ ವ್ಯಾಕ್ಯೂಮ್ ಪಂಪನ್ನು ಎಲ್ಲರೂ ಮರೆಯುತ್ತಾರೆ. ಡ್ರೈ ಪಂಪ್ ಆದರೆ ಅದರೊಳಗೆ ಇಂಗಾಲದ ತೆಳು ಹಲಗೆಗಳು ತಿರುಗುತ್ತಿರುತ್ತವೆ. ಸಾಲ್ವೆಂಟ್ ತಗುಲಿದರೆ ಇವತ್ತು ಏನೂ ಆಗುವುದಿಲ್ಲ, ಕೆಲವು ಗಂಟೆ ಹಾರಾಟದ ನಂತರ ಪಂಪ್ ಮುರಿಯುತ್ತದೆ. ಆಗ ಯಾರಿಗೂ ತೊಳೆದ ನೆನಪೇ ಇರುವುದಿಲ್ಲ.

ಏರ್ ಫಿಲ್ಟರ್ ಮತ್ತು ಕಾರ್ಬ್ಯುರೇಟರ್‌ಗೆ ಗಾಳಿ ಹೋಗುವ ದಾರಿ, ಬ್ರೀದರ್ ಪೈಪಿನ ಬಾಯಿ, ಎಕ್ಸಾಸ್ಟ್ ಬಾಯಿ, ಆಯಿಲ್ ಫಿಲ್ಲರ್ ಇವನ್ನೂ ಮುಚ್ಚಿ. ಬ್ರೀದರ್ ಪೈಪಿಗೆ ಕೌಲಿಂಗ್ ಒಳಗೇ ಇನ್ನೊಂದು ಸಣ್ಣ ಸೀಳು ಅಥವಾ ತೂತು ಇರುತ್ತದೆ. ಕೆಳಬಾಯಿ ಕಟ್ಟಿಕೊಂಡಾಗ ಉಸಿರಾಡಲು ಇಟ್ಟ ದಾರಿ ಅದು. ಅದಕ್ಕೂ ಒಂದು ತುಂಡು ಟೇಪ್. ಇಂಜಿನ್ ಮೌಂಟಿನ ರಬ್ಬರ್‌ಗಳು, ಆಲ್ಟರ್ನೇಟರ್ ಬೆಲ್ಟ್, ಹೋಸ್‌ಗಳ ಮೇಲಿನ ಕಿತ್ತಳೆ ಬಣ್ಣದ ಬೆಂಕಿ ತಡೆ ಕವಚ ಇವುಗಳ ಮೇಲೆ ನೇರ ಸಾಲ್ವೆಂಟ್ ಬೀಳದಂತೆ ಬಟ್ಟೆ ಸುತ್ತಿ. ಆ ಕವಚ ಸಾಲ್ವೆಂಟನ್ನು ಹೀರಿಕೊಂಡು ಕೂತರೆ ಬೆಂಕಿ ತಡೆಯುವ ಬದಲು ಬೆಂಕಿಗೆ ಬತ್ತಿ ಆಗುತ್ತದೆ.

ಪ್ರತಿ ಮುಚ್ಚಳಕ್ಕೂ ಕೆಂಪು ರಿಬ್ಬನ್ ಕಟ್ಟಿ. ಒಂದು ಚೀಟಿಯಲ್ಲಿ ಪಟ್ಟಿ ಬರೆದು ಕಾಕ್‌ಪಿಟ್‌ನಲ್ಲಿ ಕಂಟ್ರೋಲ್ ವೀಲಿಗೆ ಅಂಟಿಸಿ. ಬ್ರೀದರ್ ಮೇಲಿನ ಟೇಪ್ ತೆಗೆಯದೆ ಇಂಜಿನ್ ಓಡಿಸಿದರೆ ಕ್ರ್ಯಾಂಕ್‌ಕೇಸಿನಲ್ಲಿ (ಇಂಜಿನ್ನಿನ ನಡುವಿನ ಲೋಹದ ಪೆಟ್ಟಿಗೆ) ಒತ್ತಡ ಏರಿ ಮುಂದಿನ ಕ್ರ್ಯಾಂಕ್‌ಶಾಫ್ಟ್ ಸೀಲನ್ನೇ ಹೊರಗೆ ತಳ್ಳಬಹುದು. ಹನಿ ಲೀಕ್ ಹುಡುಕಲು ಹೋಗಿ ಎಣ್ಣೆಯೆಲ್ಲ ಚೆಲ್ಲಿದ ಹಾಗಾಗುತ್ತದೆ.

## ಹಂತ 5: ಯಾವ ಸಾಲ್ವೆಂಟ್, ಯಾವುದು ಖಂಡಿತ ಬೇಡ

ಸಾಮಾನ್ಯವಾಗಿ ಬಳಸುವುದು ಸ್ಟಾಡರ್ಡ್ ಸಾಲ್ವೆಂಟ್ ಅಥವಾ ಮಿನರಲ್ ಸ್ಪಿರಿಟ್ಸ್ ಜಾತಿಯದು. ಅದರ ಫ್ಲ್ಯಾಶ್ ಪಾಯಿಂಟ್ ಸುಮಾರು 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಮೇಲೆ. ಅಂದರೆ ಆ ಬಿಸಿಗೆ ಬಂದರೆ ಅದರ ಆವಿ ಕಿಡಿಗೆ ಹತ್ತಿಕೊಳ್ಳುತ್ತದೆ. ಬೆಂಗಳೂರಿನ ಬೆಳಗ್ಗೆಗೆ ಪರವಾಗಿಲ್ಲ. ಕಲಬುರಗಿಯಲ್ಲೂ ತರಬೇತಿ ವಿಮಾನಗಳಿವೆ, ಅಲ್ಲಿ ಏಪ್ರಿಲ್ ಮಧ್ಯಾಹ್ನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಅಂಥ ಊರಲ್ಲಿ ಈ ಕೆಲಸ ಬೆಳಗ್ಗೆ ಆರು-ಏಳು ಗಂಟೆಗೆ ಮುಗಿಯಬೇಕು, ಡಬ್ಬಿ ನೋಡಿ ಹೆಚ್ಚು ಫ್ಲ್ಯಾಶ್ ಪಾಯಿಂಟಿನದೇ ತರಬೇಕು. ಸೀಮೆಎಣ್ಣೆಯ ಕಥೆಯೂ ಇದೇ, ಜೊತೆಗೆ ಅದು ಬೇಗ ಆರುವುದಿಲ್ಲ, ಜಿಡ್ಡು ಉಳಿಸುತ್ತದೆ. ಲೀಕ್ ಹುಡುಕುವವರಿಗೆ ಆ ಜಿಡ್ಡೇ ಮೋಸ.

ಪೆಟ್ರೋಲ್ ಬೇಡ. ವಿಮಾನದ್ದೂ ಬೇಡ, ಬೈಕಿನದ್ದೂ ಬೇಡ. ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಅದರ ಆವಿ ಹತ್ತಿಕೊಳ್ಳುತ್ತದೆ. ತಿನ್ನರ್ ಪೇಂಟ್ ಕೀಳುತ್ತದೆ, ರಬ್ಬರ್ ಕೆಡಿಸುತ್ತದೆ. ಕಾಸ್ಟಿಕ್ ಸೋಡಾ ಇರುವ ಕ್ಷಾರ ಕ್ಲೀನರ್‌ಗಳು ಅಲ್ಯೂಮಿನಿಯಂ, ಮೆಗ್ನೀಷಿಯಂ ಭಾಗಗಳನ್ನು ತಿನ್ನುತ್ತವೆ. ಆ ಕ್ಷಾರ ಚೂರು ಒಳಗೆ ಸೇರಿದರೂ ಬಿಸಿ ಎಣ್ಣೆಯ ಜೊತೆ ಸೋಪಿನಂತಾಗಿ ನೊರೆ ಏಳುತ್ತದೆ. ನೊರೆ ಎದ್ದ ಎಣ್ಣೆ ಬೇರಿಂಗ್ ಕಾಯುವುದಿಲ್ಲ.

ಕೆಳಗೆ ಟ್ರೇ ಇಡಿ. ಕೊಳೆ ಬಿಡಿಸುವಾಗ ಮೊದಲು ಕೆಳಗಿನಿಂದ ಮೇಲಕ್ಕೆ ಸಾಲ್ವೆಂಟ್ ಹಚ್ಚಿ, ಕೆಲವು ನಿಮಿಷ ನೆನೆಯಲು ಬಿಡಿ, ಬ್ರಷ್ ಆಡಿಸಿ. ಕೊನೆಯಲ್ಲಿ ಮೇಲಿನಿಂದ ಕೆಳಕ್ಕೆ ತೊಳೆದು ಇಳಿಸಿ. ಸ್ಪ್ರೇಯನ್ನು ಸೀಲ್ ಅಂಚಿಗೆ, ಗ್ಯಾಸ್ಕೆಟ್ ಸಂದಿಗೆ ನೇರ ಹಿಡಿಯಬೇಡಿ, ಓರೆಯಾಗಿ ಹಿಡಿಯಿರಿ. ಮ್ಯಾಗ್ನೆಟೊ, ಪಂಪ್ ಸುತ್ತ ಸ್ಪ್ರೇ ಬೇಡ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಅವುಗಳ ಬುಡದ ಗ್ಯಾಸ್ಕೆಟ್ ಸುತ್ತ ಮಾತ್ರ ಕಿವಿ ಕಡ್ಡಿಯಲ್ಲಾದರೂ ಸರಿ, ಪೂರ್ತಿ ಸ್ವಚ್ಛ ಮಾಡಿ. ಲೀಕ್ ಅಡಗುವ ಜಾಗ ಅದು.

ಎಲ್ಲೋ ಒಂದು ಮೂಲೆ ಜಿಡ್ಡಾಗಿಯೇ ಉಳಿದರೆ ಪರವಾಗಿಲ್ಲ ಅನ್ನಿಸುತ್ತದೆ. ಆಮೇಲೆ ಆ ಮೂಲೆಯನ್ನು ನೋಡಿ ಇದು ಹಳೆಯದೋ ಹೊಸದೋ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

## ಹಂತ 6: ಒಣಗಿಸಿ, ಬಿಚ್ಚಿ, ಎಣಿಸಿ

ಕಡಿಮೆ ಒತ್ತಡದ ಗಾಳಿ ಹಿಡಿದು ಒಣಗಿಸಿ. ರೆಕ್ಕೆಗಳ ಸಂದಿ, ಬ್ಯಾಫಲ್ (ಗಾಳಿಯನ್ನು ಸಿಲಿಂಡರ್ ಕಡೆ ತಿರುಗಿಸುವ ತಗಡು) ಮಡಿಕೆ, ಬೋಲ್ಟ್ ಗುಂಡಿಗಳಲ್ಲಿ ಸಾಲ್ವೆಂಟ್ ನಿಂತಿರುತ್ತದೆ. ವಾಸನೆ ಪೂರ್ತಿ ಹೋಗುವವರೆಗೆ ಬ್ಯಾಟರಿ ಮುಟ್ಟಬೇಡಿ.

ಮುಚ್ಚಳಗಳನ್ನು ಚೀಟಿ ನೋಡಿಕೊಂಡು ಒಂದೊಂದಾಗಿ ತೆಗೆಯಿರಿ. ಲೆಕ್ಕ ತಾಳೆಯಾಗದಿದ್ದರೆ ಸಿಗುವವರೆಗೆ ಹುಡುಕಿ, ಅಂದಾಜು ಬೇಡ. ಥ್ರಾಟಲ್, ಮಿಕ್ಸ್ಚರ್ ಕೇಬಲ್ ತುದಿಗಳ ಎಣ್ಣೆಯೂ ತೊಳೆದು ಹೋಗಿರುತ್ತದೆ. ಮ್ಯಾನುಯಲ್ ಹೇಳಿದ ಕಡೆಗಳಿಗೆ ಮತ್ತೆ ಹಾಕಿ.

## ಹಂತ 7: ಅನುಮಾನದ ಜಾಗಕ್ಕೆ ಬಿಳಿ ಪುಡಿ

ಇಂಜಿನ್ ಪೂರ್ತಿ ಒಣಗಿದ ಮೇಲೆ, ಹಂತ 2ರ ಫೋಟೊ ನೋಡಿಕೊಂಡು, ಅನುಮಾನ ಇರುವ ಜಾಗಗಳಿಗೆ ಡೆವಲಪರ್ ಸ್ಪ್ರೇಯ ತೆಳು ಪದರ ಕೊಡಿ. ಅದೂ ಬೆಂಕಿ ಹಿಡಿಯುವ ವಸ್ತುವೇ, ಆರಿದ ಮೇಲಷ್ಟೇ ಮುಂದಿನ ಕೆಲಸ. ಬಿಳಿ ಮೇಲೆ ಎಣ್ಣೆ ತಗುಲಿದರೆ ಕಂದು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಟಾಲ್ಕಂ ಆದರೆ ಮೆದು ಬ್ರಷ್‌ನಿಂದ ಸವರಿ. ಗಾಳಿ ಒಳಹೋಗುವ ದಾರಿಯ ಹತ್ತಿರ ಯಾವ ಪುಡಿಯೂ ಬೇಡ.

ಎಣ್ಣೆಗೆ ಹೊಳೆಯುವ ಡೈ ಬೆರೆಸಿ ನೇರಳಾತೀತ (ಯುವಿ) ದೀಪದಲ್ಲಿ ನೋಡುವ ಕ್ರಮವೂ ಇದೆ. ಇಂಜಿನ್ ತಯಾರಕರು ಒಪ್ಪಿದ ಡೈ ಸಿಕ್ಕರೆ ಮಾಡಿ. ಕಾರಿನ ಎಸಿ ರಿಪೇರಿಗೆ ತರುವ ಡೈಯನ್ನು ವಿಮಾನದ ಎಣ್ಣೆಗೆ ಸುರಿಯಬೇಡಿ.

## ಹಂತ 8: ಮೊದಲ ಓಟ ಚಿಕ್ಕದಾಗಿರಲಿ

ಬಹಳ ಜನ ಸೋಲುವುದು ಇಲ್ಲೇ. ತೊಳೆದ ಮೇಲೆ ಒಂದು ಗಂಟೆ ಹಾರಿಸಿ ಬರುತ್ತಾರೆ. ಅಷ್ಟರಲ್ಲಿ ಹನಿ ಗೆರೆಯಾಗಿ, ಗೆರೆ ಗಾಳಿಗೆ ಹರಡಿ, ಎಲ್ಲ ಮೊದಲಿನಂತೆ.

ವಿಮಾನವನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ. ಕೆಳಗೆ ಜಲ್ಲಿ, ಕಲ್ಲುಪುಡಿ ಇರಬಾರದು. ಕೌಲಿಂಗ್ ಇಲ್ಲದೆ ಓಡಿಸಲು ಮ್ಯಾನುಯಲ್ ಒಪ್ಪುವುದಾದರೆ 1000ದಿಂದ 1200 ಆರ್‌ಪಿಎಂನಲ್ಲಿ ಮೂರ್ನಾಲ್ಕು ನಿಮಿಷ ಸಾಕು. ಕೌಲಿಂಗ್ ಇಲ್ಲದಾಗ ಗಾಳಿ ಸಿಲಿಂಡರ್ ರೆಕ್ಕೆಗಳ ಮೂಲಕ ಹೋಗದೆ ಪಕ್ಕಕ್ಕೆ ಹೋಗುತ್ತದೆ, ಹೆಡ್ ಬೇಗ ಕಾಯುತ್ತದೆ. ಒಪ್ಪದಿದ್ದರೆ ಕೌಲಿಂಗ್ ಹಾಕಿಯೇ ಓಡಿಸಿ, ಆಮೇಲೆ ಬಿಚ್ಚಿ.

ಸ್ಟಾರ್ಟ್ ಆಗಿ 30 ಸೆಕೆಂಡ್ ಒಳಗೆ ಆಯಿಲ್ ಪ್ರೆಶರ್ ಮುಳ್ಳು ಏಳಬೇಕು, ಏಳದಿದ್ದರೆ ತಕ್ಷಣ ನಿಲ್ಲಿಸಿ. ಓಡುತ್ತಿರುವಾಗ ಯಾರೂ ಹತ್ತಿರ ಬಂದು ಬಗ್ಗಿ ನೋಡಬಾರದು. ಈಗ ಕಾಣ್ತಿದೆ, ಬನ್ನಿ ಅಂತ ಯಾರಾದರೂ ಕರೆದರೂ ಬೇಡ. ನೋಡುವುದೆಲ್ಲ ಇಂಜಿನ್ ನಿಂತ ಮೇಲೆ. ನಿಲ್ಲಿಸುವ ಮುಂಚೆ ಐಡಲ್‌ನಲ್ಲಿ ಒಂದು ಕ್ಷಣ ಮ್ಯಾಗ್ನೆಟೊ ಕೀಲಿ ಆಫ್ ಮಾಡಿ ನೋಡಿ. ಇಂಜಿನ್ ಸದ್ದು ಕುಸಿಯಬೇಕು. ಕುಸಿಯದಿದ್ದರೆ ಮ್ಯಾಗ್ನೆಟೊಗೆ ಗ್ರೌಂಡ್ ಇಲ್ಲ, ಆ ಪ್ರೊಪೆಲ್ಲರ್ ಹತ್ತಿರ ಯಾರೂ ಸುಳಿಯಬಾರದು.

ಆಮೇಲೆ ಮಿಕ್ಸ್ಚರ್ ಎಳೆದು ನಿಲ್ಲಿಸಿ, ಹಂತ 3ರ ಕ್ರಮ ಮತ್ತೆ ಮಾಡಿ, ಟಾರ್ಚ್ ಕನ್ನಡಿ ಹಿಡಿದು ನೋಡಿ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತದೆ, ಕೈ ಜೋಪಾನ.

ಏನೂ ಕಾಣಲಿಲ್ಲವೇ? ತಣಿಯಲು ಬಿಟ್ಟು ಇನ್ನೊಮ್ಮೆ, ಸ್ವಲ್ಪ ಜಾಸ್ತಿ ಹೊತ್ತು. ಎಣ್ಣೆ ಚೆನ್ನಾಗಿ ಕಾದು ತೆಳ್ಳಗಾದ ಮೇಲೆ ಮಾತ್ರ ಸೋರುವ ಲೀಕ್‌ಗಳಿವೆ.

## ಹಂತ 9: ಹನಿ ಬಿದ್ದ ಕಡೆಯಿಂದ ಮೇಲಕ್ಕೆ, ಮುಂದಕ್ಕೆ

ಹಂಚಿನ ಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆ ಒಡೆದ ಹಂಚು ಇರುವುದಿಲ್ಲ, ರೀಪಿನ ಗುಂಟ ಹರಿದು ಬಂದಿರುತ್ತದೆ. ಇಲ್ಲೂ ಹಾಗೇ. ಗಾಳಿ ಮುಂದಿನ ಎರಡು ಬಾಯಿಗಳಿಂದ ಬಂದು ಸಿಲಿಂಡರ್‌ಗಳ ಮೇಲಿಂದ ಕೆಳಗಿಳಿದು ಹಿಂದಕ್ಕೆ ಹೋಗುತ್ತದೆ. ಎಣ್ಣೆಯೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ತೇವ ಕಂಡ ಕಡೆಯಿಂದ ಮೇಲಕ್ಕೆ ಮತ್ತು ಮುಂದಕ್ಕೆ ಹೋಗುತ್ತಾ, ಎಲ್ಲಿ ಒಣ ಲೋಹ ಸಿಗುತ್ತದೋ ಅಲ್ಲಿ ನಿಲ್ಲಿ. ಅದಕ್ಕೂ ಸ್ವಲ್ಪ ಕೆಳಗೆ ಮೂಲ ಇರುತ್ತದೆ.

ಮುಂಭಾಗ. ಪ್ರೊಪೆಲ್ಲರ್ ಹಿಂದಿನ ಕ್ರ್ಯಾಂಕ್‌ಶಾಫ್ಟ್ ಸೀಲ್. ಇಲ್ಲಿ ಸೋರಿದರೆ ಸ್ಟಾರ್ಟರಿನ ಹಲ್ಲಿನ ಚಕ್ರ ಎಣ್ಣೆಯನ್ನು ಸುತ್ತಲೂ ಎರಚುತ್ತದೆ, ಕೌಲಿಂಗ್ ಒಳಗೋಡೆಯಲ್ಲಿ ಚುಕ್ಕೆಗಳ ಸಾಲು ಕಾಣುತ್ತದೆ.

ಸಿಲಿಂಡರ್‌ಗಳ ಮೇಲೆ. ಈ ಇಂಜಿನ್‌ಗಳಲ್ಲಿ ಪುಶ್‌ರಾಡ್ (ವಾಲ್ವ್ ತೆರೆಯಿಸುವ ಕಡ್ಡಿ) ಕೊಳವೆಗಳು ಸಿಲಿಂಡರಿನ ಮೇಲ್ಭಾಗದಲ್ಲಿ ಹೋಗುತ್ತವೆ. ಅವುಗಳ ತುದಿಯ ಸೀಲ್ ಗಟ್ಟಿಯಾಗಿ ಒಸರುತ್ತದೆ. ಕೆಳಗಿನಿಂದ ನೋಡಿದವರಿಗೆ ಇದು ಬೇರೇನೋ ಅನ್ನಿಸುತ್ತದೆ, ಯಾಕೆಂದರೆ ಎಣ್ಣೆ ರೆಕ್ಕೆಗಳ ನಡುವೆ ಇಳಿದು ಕೆಳಗೆ ಬಂದಿರುತ್ತದೆ.

ರಾಕರ್ ಕವರ್. ಕಾರ್ಕ್ ಗ್ಯಾಸ್ಕೆಟ್ ಹಳೆಯದಾದರೆ ಕುಗ್ಗುತ್ತದೆ. ಸ್ಕ್ರೂ ಇನ್ನೂ ಬಿಗಿ ಮಾಡಿದರೆ ನಿಲ್ಲುತ್ತದೆ ಎಂದು ತಿರುಗಿಸುತ್ತಾ ಹೋದರೆ ಕವರಿನ ಅಂಚು ಬಾಗುತ್ತದೆ. ಬಾಗಿದ ಕವರಿಗೆ ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರುತ್ತದೆ. ಗಾಜಿನ ಮೇಲೆ ಕವಚಿ ಇಟ್ಟರೆ ಅಂಚು ಸಪಾಟಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಸಿಲಿಂಡರ್ ಕೆಳಗೆ. ರಾಕರ್ ಬಾಕ್ಸಿನಿಂದ ಎಣ್ಣೆ ವಾಪಸ್ ಇಳಿಯುವ ಸಣ್ಣ ಕೊಳವೆ, ಅದರ ರಬ್ಬರ್ ಹೋಸ್ ಮತ್ತು ಕ್ಲಾಂಪ್. ಎಕ್ಸಾಸ್ಟ್ ಶಾಖಕ್ಕೆ ಹೋಸ್ ಗಟ್ಟಿಯಾಗಿ ಸೀಳುತ್ತದೆ. ನಾನು ಪಂದ್ಯ ಕಟ್ಟುವುದಾದರೆ ಮೊದಲು ಇದರ ಮೇಲೇ ಕಟ್ಟುವುದು. ಬೆಲೆಯೂ ಕಡಿಮೆ, ಕೆಲಸವೂ ಸುಲಭ, ಎಲ್ಲರೂ ಕೊನೆಗೆ ನೋಡುವ ಜಾಗವೂ ಇದೇ.

ಸಿಲಿಂಡರ್ ಬುಡ ಮತ್ತು ಕ್ರ್ಯಾಂಕ್‌ಕೇಸಿನ ಜೋಡಣೆ ಗೆರೆ. ಇಲ್ಲಿ ಒಸರು ಕಂಡರೆ ನಟ್ಟಿಗೆ ಸ್ಪ್ಯಾನರ್ ಹಾಕಿ ಬಿಗಿ ಮಾಡಲು ಹೋಗಬೇಡಿ. ಆ ಬೋಲ್ಟ್‌ಗಳು ಒಳಗಿನ ಮೇನ್ ಬೇರಿಂಗ್‌ಗಳನ್ನೂ ಹಿಡಿದಿರುತ್ತವೆ. ನಟ್ ಯಾಕೆ ಸಡಿಲವಾಯಿತು ಎಂದು ನೋಡಬೇಕಾದವರು ಎಎಂಇ.

ಹಿಂಭಾಗ. ಮ್ಯಾಗ್ನೆಟೊ ಬುಡದ ಗ್ಯಾಸ್ಕೆಟ್, ವ್ಯಾಕ್ಯೂಮ್ ಪಂಪಿನ ಡ್ರೈವ್ ಸೀಲ್, ಟ್ಯಾಕೊಮೀಟರ್ ಕೇಬಲ್ ಸೇರುವ ಕಡೆ, ವರ್ನಾಥರ್ಮ್ (ಎಣ್ಣೆ ಕಾದಾಗ ಅದನ್ನು ಕೂಲರ್ ಕಡೆ ತಿರುಗಿಸುವ ವಾಲ್ವ್), ಆಯಿಲ್ ಫಿಲ್ಟರ್ ಮತ್ತು ಅದರ ಅಡಾಪ್ಟರ್. ಎಲ್ಲ ಒತ್ತೊತ್ತಾಗಿವೆ, ಕನ್ನಡಿ ಇಲ್ಲದೆ ಆಗುವುದಿಲ್ಲ. ಫಿಲ್ಟರ್ ಹೊಸದಾಗಿ ಹಾಕಿದ್ದರೆ ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಅಲ್ಲೇ ಅಂಟಿಕೊಂಡು ಎರಡು ರಿಂಗ್ ಆಗಿದೆಯೇ ನೋಡಿ. ಹಾಗಾದರೆ ಗ್ರೌಂಡ್ ರನ್‌ನಲ್ಲಿ ಸುಮ್ಮನಿದ್ದು ಹಾರಾಟದಲ್ಲಿ ಎಣ್ಣೆಯೆಲ್ಲ ಹೊರಗೆ ಹೋಗಬಹುದು. ಚಾಂಪಿಯನ್ ಸ್ಪಿನ್-ಆನ್ ಫಿಲ್ಟರ್ ಆದರೆ ಟಾರ್ಕ್ 16ರಿಂದ 18 ಫುಟ್-ಪೌಂಡ್, ಮೇಲೆ ಸೇಫ್ಟಿ ವೈರ್.

ಹೋಸ್‌ಗಳು, ಆಯಿಲ್ ಕೂಲರ್, ಪ್ರೆಶರ್ ಗೇಜಿನ ಲೈನ್, ಡ್ರೈನ್ ವಾಲ್ವ್. ಇವನ್ನು ಬೆರಳಿಂದ ಸುತ್ತಲೂ ಸವರಿ ನೋಡಿ, ಹಿಂಬದಿ ಮರೆಯಬೇಡಿ.

## ಎಲ್ಲ ಲೀಕೂ ಒಂದೇ ಅಲ್ಲ

ರಾಕರ್ ಕವರ್, ವಾಪಸ್ ಕೊಳವೆಗಳಲ್ಲಿ ಎಣ್ಣೆ ತನ್ನ ಭಾರಕ್ಕೆ ಇಳಿಯುತ್ತದೆ, ಒತ್ತಡ ಇಲ್ಲ. ಅಲ್ಲಿನ ಒಸರು ನಿಧಾನ. ಕೂಲರ್, ಹೋಸ್, ಫಿಲ್ಟರ್, ಗೇಜ್ ಲೈನ್ ಒತ್ತಡದ ಬದಿ. ಓ-320ರಲ್ಲಿ ಪ್ರೆಶರ್ ಗೇಜಿನ ಹಸಿರು ಪಟ್ಟಿ, ಅಂದರೆ ಸರಿಯಾದ ಒತ್ತಡದ ಗುರುತು, 60ರಿಂದ 90 ಪಿಎಸ್ಐ. ಅಲ್ಲಿ ಇವತ್ತು ಒಂದು ಹನಿ ಕಂಡರೆ ನಾಳೆ ಧಾರೆ ಆಗಬಹುದು. ಒತ್ತಡದ ಬದಿಯ ಹನಿಯನ್ನು ನೋಡೋಣ ಬಿಡಿ ಅಂತ ಮುಂದೂಡಬೇಡಿ.

ಈ ಕೆಳಗಿನವು ಕಂಡರೆ ಹಾರಾಟ ಬೇಡ:

- ವಿಂಡ್‌ಶೀಲ್ಡ್ ಮೇಲೆ ಎಣ್ಣೆ. ಗಾಳಿಯಲ್ಲಿ ಕಂಡರೆ ಹತ್ತಿರದ ರನ್‌ವೇಗೆ ಇಳಿಯಿರಿ
- ಎಕ್ಸಾಸ್ಟ್ ಮೇಲೆ ಎಣ್ಣೆ ಬಿದ್ದು ಹೊಗೆ, ಸುಟ್ಟ ವಾಸನೆ
- ಪ್ರೆಶರ್ ಇಳಿಯುತ್ತಾ ಟೆಂಪರೇಚರ್ ಏರುವುದು
- ಸಿಲಿಂಡರ್ ರೆಕ್ಕೆಗಳಲ್ಲಿ ಮಸಿ ಬೆರೆತ ಎಣ್ಣೆ, ಬಿರುಕಿನ ಅನುಮಾನ
- ನಾಲ್ಕಾರು ಕಡೆ ಒಟ್ಟಿಗೇ ಲೀಕ್ ಶುರುವಾಗಿರುವುದು

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೀಲ್‌ಗಳೆಲ್ಲ ಒಂದೇ ದಿನ ಸಾಯುವುದಿಲ್ಲ. ಒಳಗೆ ಒತ್ತಡ ಜಾಸ್ತಿಯಾಗಿ ಸಿಕ್ಕ ಸಂದಿಯಿಂದೆಲ್ಲ ಎಣ್ಣೆ ಹೊರಗೆ ಬರುತ್ತಿರಬಹುದು. ಬ್ರೀದರ್ ಕಟ್ಟಿದೆಯೇ ನೋಡಿ. ವಿಮಾನ ಕೆಲವು ವಾರ ನಿಂತಿದ್ದರೆ ಕುಂಬಾರ ಹುಳು ಆ ಪೈಪಿನಲ್ಲಿ ಮಣ್ಣಿನ ಗೂಡು ಕಟ್ಟಿರುತ್ತದೆ. ಅದಿಲ್ಲದಿದ್ದರೆ ಪಿಸ್ಟನ್ ರಿಂಗ್ ಸವೆದು ಸಿಲಿಂಡರಿನ ಹೊಗೆ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತಿರಬಹುದು, ಕಂಪ್ರೆಷನ್ ಟೆಸ್ಟ್ ಮಾಡಿಸಿ.

## ಹಂತ 10: ನೆಲದಲ್ಲಿ ಸಿಗದಿದ್ದರೆ ಒಂದು ಸಣ್ಣ ಹಾರಾಟ

ಮೇಲಿನ ಎಚ್ಚರಿಕೆಗಳು ಯಾವುದೂ ಇಲ್ಲ, ಎಎಂಇ ಒಪ್ಪಿ ಸಹಿ ಹಾಕಿದ್ದಾರೆ ಅಂದರೆ ಮಾತ್ರ ಈ ಹಂತ. ಏರ್‌ಫೀಲ್ಡ್ ಕಣ್ಣಿಗೆ ಕಾಣುವ ದೂರದಲ್ಲೇ ರನ್‌ವೇ ಸುತ್ತ ಒಂದೆರಡು ಸರ್ಕ್ಯೂಟ್, 15–20 ನಿಮಿಷ. ಪ್ರಯಾಣಿಕರು ಬೇಡ. ಪ್ರೆಶರ್, ಟೆಂಪರೇಚರ್ ಮೇಲೆ ಕಣ್ಣಿರಲಿ. ಇಳಿದ ಕೂಡಲೇ ಪಾರ್ಕ್ ಮಾಡಿ ಕೌಲಿಂಗ್ ಬಿಚ್ಚಿ, ಚಹಾ ಆಮೇಲೆ. ಬಿಸಿ ಇಂಜಿನ್ ನಿಂತ ಮೇಲೂ ಎಣ್ಣೆ ಇಳಿಯುತ್ತಲೇ ಇರುತ್ತದೆ, ತಡವಾದಷ್ಟೂ ಗುರುತು ಹರಡುತ್ತದೆ.

## ಹಂತ 11: ಸಿಕ್ಕಿತು, ಇನ್ನೇನು

ಒಂದು ಸಲಕ್ಕೆ ಒಂದೇ ರಿಪೇರಿ. ಅನುಮಾನ ಇರುವ ಮೂರು ಗ್ಯಾಸ್ಕೆಟ್ ಒಟ್ಟಿಗೆ ಬದಲಾಯಿಸಿ ಲೀಕ್ ನಿಂತರೆ ಯಾವುದು ಕಾರಣ ಎಂದು ಗೊತ್ತೇ ಆಗುವುದಿಲ್ಲ. ಹೊರಗಿನಿಂದ ಸಿಲಿಕೋನ್ ಗಮ್ ಮೆತ್ತುವುದು ರಿಪೇರಿ ಅಲ್ಲ, ಮುಂದಿನವರ ಕಣ್ಣಿಗೆ ಮಣ್ಣೆರಚುವುದು. ಕಾರಿನ ಅಂಗಡಿಯ ಸ್ಟಾಪ್-ಲೀಕ್ ಡಬ್ಬಿಯೂ ಬೇಡ.

ರಿಪೇರಿ ಆದ ಮೇಲೆ ಡೆವಲಪರ್ ಪುಡಿ ಪೂರ್ತಿ ಒರೆಸಿ, ಆ ಜಾಗ ಮತ್ತೆ ತೊಳೆದು, ಹಂತ 8 ಇನ್ನೊಮ್ಮೆ ಮಾಡಿ. ಲಾಗ್‌ಬುಕ್‌ನಲ್ಲಿ ಲೀಕ್ ಸರಿಪಡಿಸಲಾಯಿತು ಎಂದಷ್ಟೇ ಬರೆಯಬೇಡಿ. ಯಾವ ಸಿಲಿಂಡರ್, ಯಾವ ಹೋಸ್, ಯಾವ ಪಾರ್ಟ್ ನಂಬರ್ ಎಂದು ಬರೆಯಿರಿ. ಲೈಕಮಿಂಗ್‌ನಲ್ಲಿ ಪೈಲಟ್ ಸೀಟಿನಲ್ಲಿ ಕೂತಾಗ ಬಲ ಮುಂದಿನದು 1, ಎಡ ಮುಂದಿನದು 2, ಬಲ ಹಿಂದಿನದು 3, ಎಡ ಹಿಂದಿನದು 4. ಇಂಜಿನ್ ಎದುರು ನಿಂತು ಎಣಿಸಿದರೆ ಎಡ-ಬಲ ಅದಲುಬದಲಾಗುತ್ತದೆ.

ಟ್ರೇಯಲ್ಲಿ ಉಳಿದ ಸಾಲ್ವೆಂಟ್ ಮತ್ತು ಎಣ್ಣೆಯನ್ನು ಮೋರಿಗೆ ಸುರಿಯುವ ಹಾಗಿಲ್ಲ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ಮುಚ್ಚಳ ಇರುವ ಡ್ರಮ್ಮಿಗೆ ತುಂಬಿಸಿ, ಹೆಸರು ಬರೆದು, ಕರ್ನಾಟಕದಲ್ಲಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೆ ಕೊಡಿ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಹ್ಯಾಂಗರ್ ಮೂಲೆಗೆ ಎಸೆಯದೆ ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ.